ಜಾನ್ ಬಾರ್ಡೀನ್

ಗೋಡೆಯ ಮೇಲಿನ ಗುಂಡಿಯನ್ನು ಒತ್ತಿದೊಡನೆ ದೀಪ ಹೊತ್ತಿಕೊಳ್ಳುತ್ತದೆ. ತಂತಿಯಲ್ಲಿ ವಿದ್ಯುತ್ತು ಹರಿಯಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಹರಿದದ್ದು ಏನು? ಅದು ಹರಿದದ್ದು ಹೇಗೆ? ತಾಮ್ರದ ತಂತಿಯಲ್ಲಿ ನೀರಿನ ಕೊಳವೆಯಲ್ಲಿರುವಂತೆ ಟೊಳ್ಳಾದ ದಾರಿಯಿಲ್ಲ. ಅದರೊಳಗೆ ಪರಮಾಣುಗಳು ಸಾಲುಸಾಲಾಗಿ, ಸಮನಾದ ಅಂತರದಲ್ಲಿ, ಒತ್ತೊತ್ತಾಗಿ ನಿಂತಿವೆ. ಈ ಕ್ರಮವಾದ ಜೋಡಣೆಗೆ ಸ್ಫಟಿಕಜಾಲವೆಂದು ಹೆಸರು. ಇಷ್ಟು ದಟ್ಟವಾದ ಜಾಲದ ನಡುವೆ ಎಲೆಕ್ಟ್ರಾನುಗಳೆಂಬ ಅತಿ ಸೂಕ್ಷ್ಮ ಕಣಗಳು ಸಂಚರಿಸುವುದು ಹೇಗೆ? ಅವುಗಳಿಗೆ ಅಡ್ಡಿಯಾಗುವುದು ಯಾವುದು? ಆ ಅಡ್ಡಿಯು ಎಂದಾದರೂ ಸಂಪೂರ್ಣವಾಗಿ ತೊಲಗಬಲ್ಲುದೇ? ಈ ಪ್ರಶ್ನೆಗಳನ್ನು ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಬೆನ್ನಟ್ಟಿದ ಮಹಾವಿಜ್ಞಾನಿ ಜಾನ್ ಬಾರ್ಡೀನ್. ಭೌತವಿಜ್ಞಾನದ ನೊಬೆಲ್ ಪಾರಿತೋಷಿಕವನ್ನು ಎರಡು ಬಾರಿ ಪಡೆದವರು ಜಗತ್ತಿನಲ್ಲಿ ಇಂದಿಗೂ ಅವರೊಬ್ಬರೇ.

ಜಾನ್ ಬಾರ್ಡೀನ್ 1908ನೆಯ ಇಸವಿ ಮೇ 23ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಜನಿಸಿದನು. ತಂದೆ ಚಾರ್ಲ್ಸ್ ಬಾರ್ಡೀನ್ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿದ್ಯಾಲಯದ ಮೊದಲ ಮುಖ್ಯಸ್ಥರು. ತಾಯಿ ಆಲ್ತಿಯಾ ಕಲಾಭಿರುಚಿಯುಳ್ಳ ವಿದ್ಯಾವಂತೆ. ವಿವಾಹಕ್ಕೆ ಮೊದಲು ಆಕೆ ಷಿಕಾಗೋ ನಗರದಲ್ಲಿ, ಶಿಕ್ಷಣತಜ್ಞ ಜಾನ್ ಡ್ಯೂಯಿ ಸ್ಥಾಪಿಸಿದ್ದ ಶಾಲೆಯಲ್ಲಿ ಅಧ್ಯಾಪಕಿಯಾಗಿದ್ದರು. ಮಕ್ಕಳ ಶಕ್ತಿಯನ್ನು ಗುರುತಿಸುವ ಕಣ್ಣು ಅವರಿಗಿತ್ತು. ಜಾನ್ ಗಣಿತದಲ್ಲಿ ಅಸಾಮಾನ್ಯ ಚುರುಕುತನವನ್ನು ತೋರಿದುದರಿಂದ ಅವನನ್ನು ಮೂರನೆಯ ತರಗತಿಯಿಂದ ನೇರವಾಗಿ ಏಳನೆಯ ತರಗತಿಗೆ ಸೇರಿಸಲಾಯಿತು. ಆಗ ಅವನಿಗೆ ಒಂಬತ್ತು ವರ್ಷ. ಸಹಪಾಠಿಗಳೆಲ್ಲರೂ ಅವನಿಗಿಂತ ಹಿರಿಯರು. ಅವರ ನಡುವೆ ಆ ಪುಟ್ಟ ಬಾಲಕನು ಹೆಚ್ಚು ಮಾತನಾಡದೆ, ಕೇಳಿದ್ದನ್ನು ಮನಸ್ಸಿನಲ್ಲಿಯೇ ಮಥಿಸುತ್ತ ಬೆಳೆದನು. ಮಿತಭಾಷಿತ್ವವು ಅವನ ಜೀವನಪರ್ಯಂತದ ಗುಣವಾಗಿ ಉಳಿಯಿತು.

ಜಾನ್ ಇನ್ನೂ ಹನ್ನೆರಡು ತುಂಬದಿದ್ದಾಗ, 1920ರಲ್ಲಿ, ತಾಯಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಮಕ್ಕಳ ಪಾಲಿಗೆ ಅದು ದೊಡ್ಡ ಆಘಾತ. ಆ ದುಃಖವನ್ನು ನುಂಗಿಕೊಂಡೇ ಜಾನ್ ವಿದ್ಯಾಭ್ಯಾಸವನ್ನು ಮುಂದುವರಿಸಿದನು. 1923ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವನ್ನು ಸೇರಿ ವಿದ್ಯುತ್ ಎಂಜಿನಿಯರಿಂಗನ್ನು ಆರಿಸಿಕೊಂಡನು. 1928ರಲ್ಲಿ ಪದವಿಯನ್ನೂ ಮರುವರ್ಷ ಸ್ನಾತಕೋತ್ತರ ಪದವಿಯನ್ನೂ ಪಡೆದನು. ಆ ಕಾಲದಲ್ಲಿ ಯೂರೋಪಿನಲ್ಲಿ ಕ್ವಾಂಟಂ ಸಿದ್ಧಾಂತವೆಂಬ ಹೊಸ ಭೌತವಿಜ್ಞಾನವು ರೂಪುಗೊಳ್ಳುತ್ತಿತ್ತು. ಪ್ರಾಧ್ಯಾಪಕ ವಾನ್ ವ್ಲೆಕ್ ಅವರ ತರಗತಿಗಳಲ್ಲಿ ಕುಳಿತು ಆ ಹೊಸ ವಿದ್ಯೆಯ ರುಚಿಯನ್ನು ಕಂಡ ಮೇಲೆ, ತರುಣ ಬಾರ್ಡೀನರ ಮನಸ್ಸು ಅತ್ತ ಸೆಳೆಯಲ್ಪಟ್ಟಿತು.

ಆದರೆ ಜೀವನೋಪಾಯವನ್ನೂ ನೋಡಿಕೊಳ್ಳಬೇಕಾಗಿತ್ತು. 1930ರಲ್ಲಿ ಅವರು ಪಿಟ್ಸ್‌ಬರ್ಗ್ ನಗರದ ಗಲ್ಫ್ ತೈಲ ಸಂಸ್ಥೆಯ ಸಂಶೋಧನಾಲಯವನ್ನು ಸೇರಿ, ಭೂಮಿಯಡಿಯ ತೈಲವನ್ನು ಪತ್ತೆಹಚ್ಚುವ ವಿಧಾನಗಳ ಮೇಲೆ ಕೆಲಸ ಮಾಡಿದರು. ಅಮೆರಿಕವು ಆಗ ಭೀಕರವಾದ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತ್ತು. ಲಕ್ಷಾಂತರ ಜನ ನಿರುದ್ಯೋಗಿಗಳಾಗಿ ಅಲೆಯುತ್ತಿದ್ದರು. ಅಂತಹ ದಿನಗಳಲ್ಲಿ ಕೈಯಲ್ಲಿರುವ ಉದ್ಯೋಗವನ್ನು ಬಿಡಲು ಯಾರೂ ಮುಂದಾಗುತ್ತಿರಲಿಲ್ಲ. ಬಾರ್ಡೀನ್ ಅವರು 1933ರಲ್ಲಿ ಆ ಉದ್ಯೋಗವನ್ನು ಬಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಸುಖಜೀವನಕ್ಕಿಂತ ಜ್ಞಾನವೇ ಅವರಿಗೆ ಹೆಚ್ಚಿನದಾಗಿ ಕಂಡಿತು.

ಪ್ರಿನ್ಸ್‌ಟನ್ನಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಯೂಜೀನ್ ವಿಗ್ನರ್. ವಿಗ್ನರ್ ಅವರು ಘನವಸ್ತುಗಳೊಳಗಿನ ಎಲೆಕ್ಟ್ರಾನುಗಳ ವರ್ತನೆಯನ್ನು ಅಭ್ಯಸಿಸುತ್ತಿದ್ದರು. ಲೋಹದಲ್ಲಿ ಎಲೆಕ್ಟ್ರಾನುಗಳು ಅನಿಲದ ಕಣಗಳಂತೆ ಹಾರಾಡುತ್ತ, ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತ ಸಾಗುತ್ತವೆಂದು ಜರ್ಮನಿಯ ಪಾಲ್ ಡ್ರೂಡ್ ಅವರು 1900ರಲ್ಲಿಯೇ ಸೂಚಿಸಿದ್ದರು. 1928ರಲ್ಲಿ ಫೆಲಿಕ್ಸ್ ಬ್ಲಾಖ್ ಎಂಬ ತರುಣ ವಿಜ್ಞಾನಿಯು ಈ ಚಿತ್ರವನ್ನು ಬದಲಿಸಿದರು. ಕ್ವಾಂಟಂ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನಿಗೆ ಅಲೆಯ ಗುಣವೂ ಉಂಟು. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ಮನಸ್ಸಿಗೆ ತಂದುಕೊಂಡರೆ ಇದು ತಿಳಿಯಾದೀತು. ಕಂಬಗಳ ನಡುವೆ ಎಸೆದ ಚೆಂಡು ಯಾವುದಾದರೊಂದು ಕಂಬಕ್ಕೆ ತಗಲಿ ಹಿಂದಿರುಗಬಹುದು. ಆದರೆ ಘಂಟೆಯ ನಾದವು ಕಂಬಗಳನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಹಾಗೆಯೇ ಪರಮಾಣುಗಳ ಸಾಲು ಕ್ರಮಬದ್ಧವಾಗಿದ್ದರೆ ಎಲೆಕ್ಟ್ರಾನಿನ ಅಲೆಯು ತಡೆಯಿಲ್ಲದೆ ಸಾಗಬಲ್ಲುದು. ಪರಮಾಣುಗಳು ಉಷ್ಣದಿಂದ ಕಂಪಿಸಿದಾಗ, ಅಥವಾ ಜಾಲದಲ್ಲಿ ಕಲ್ಮಷವೋ ಕೊರತೆಯೋ ಇದ್ದಾಗ, ಅಲೆ ಚದರಿಹೋಗುತ್ತದೆ. ವಿದ್ಯುತ್ತಿನ ಹರಿವಿಗೆ ಉಂಟಾಗುವ ರೋಧಕ್ಕೆ ಇದೇ ಕಾರಣ.

ಬ್ಲಾಖ್ ಅವರ ಲೆಕ್ಕದಲ್ಲಿ ಒಂದೊಂದು ಎಲೆಕ್ಟ್ರಾನೂ ಒಂಟಿ ಪ್ರಯಾಣಿಕ. ನಿಜವಾದ ಲೋಹದಲ್ಲಾದರೋ ಎಣಿಕೆಗೆ ಸಿಕ್ಕದಷ್ಟು ಎಲೆಕ್ಟ್ರಾನುಗಳು ಒಂದರ ಚಲನೆಗೆ ಇನ್ನೊಂದು ಓಗೊಡುತ್ತ ಒಟ್ಟಿಗೆ ಬಾಳುತ್ತವೆ. ಬಾರ್ಡೀನ್ ಅವರು ತಮ್ಮ ಪ್ರೌಢಪ್ರಬಂಧದಲ್ಲಿ ಈ ಕಠಿಣ ವಿಷಯವನ್ನೇ ಕೈಗೆತ್ತಿಕೊಂಡರು. ಲೋಹದ ಮೇಲ್ಮೈಯ ಬಳಿ ಎಲೆಕ್ಟ್ರಾನುಗಳು ಹೇಗೆ ಹಂಚಿಕೊಂಡಿರುತ್ತವೆ, ಒಂದು ಎಲೆಕ್ಟ್ರಾನನ್ನು ಲೋಹದಿಂದ ಹೊರಗೆಳೆಯಲು ಎಷ್ಟು ಶಕ್ತಿ ಬೇಕು ಎಂಬುದನ್ನು ಲೆಕ್ಕ ಹಾಕಿದರು. 1936ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಎಲೆಕ್ಟ್ರಾನುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು, ಅವುಗಳನ್ನು ಸಮುದಾಯವಾಗಿ ಕಾಣಬೇಕೆಂಬ ಈ ದೃಷ್ಟಿಯೇ ಮುಂದೆ ಅವರ ಎಲ್ಲ ಸಾಧನೆಗಳಿಗೂ ಬುನಾದಿಯಾಯಿತು.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲವು ವರ್ಷ ಸಂಶೋಧನೆ ನಡೆಸಿದ ಬಳಿಕ 1938ರಲ್ಲಿ ಬಾರ್ಡೀನ್ ಅವರು ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಅದೇ ವರ್ಷ ಜೇನ್ ಮ್ಯಾಕ್ಸ್‌ವೆಲ್ ಎಂಬಾಕೆಯನ್ನು ವಿವಾಹವಾದರು. ಜೇಮ್ಸ್, ವಿಲಿಯಂ ಮತ್ತು ಎಲಿಜಬೆತ್ ಎಂಬ ಮೂವರು ಮಕ್ಕಳು ಹುಟ್ಟಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಾಷಿಂಗ್ಟನ್ನಿನಲ್ಲಿ ನೌಕಾಪಡೆಯ ಸಂಶೋಧನಾಲಯದಲ್ಲಿ ದುಡಿಯಬೇಕಾಯಿತು. ಯುದ್ಧ ಮುಗಿದ ಕೂಡಲೇ, 1945ರಲ್ಲಿ, ನ್ಯೂಜರ್ಸಿಯ ಬೆಲ್ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಯಿಂದ ಕರೆ ಬಂದಿತು.

ಆ ಕಾಲದ ದೂರವಾಣಿ ಮತ್ತು ರೇಡಿಯೋಗಳಲ್ಲಿ ಕ್ಷೀಣವಾದ ಸಂಕೇತಗಳನ್ನು ವರ್ಧಿಸಲು ಗಾಜಿನ ನಿರ್ವಾತ ನಳಿಕೆಗಳನ್ನು, ಎಂದರೆ ವಾಲ್ವುಗಳನ್ನು, ಬಳಸುತ್ತಿದ್ದರು. ಅವು ಗಾತ್ರದಲ್ಲಿ ದೊಡ್ಡವು, ಬಿಸಿಯಾಗುತ್ತಿದ್ದವು, ಹೆಚ್ಚು ವಿದ್ಯುತ್ತನ್ನು ನುಂಗುತ್ತಿದ್ದವು, ಬಲ್ಬಿನಂತೆ ಕೆಲವು ಕಾಲದ ಮೇಲೆ ಸುಟ್ಟುಹೋಗುತ್ತಿದ್ದವು. ಅವುಗಳಿಗೆ ಬದಲಾಗಿ ಒಂದು ಗಟ್ಟಿ ಸ್ಫಟಿಕದಿಂದಲೇ ಆ ಕೆಲಸವನ್ನು ಮಾಡಿಸಲಾದೀತೇ ಎಂಬುದು ಬೆಲ್ ಪ್ರಯೋಗಶಾಲೆಯ ಮುಂದಿದ್ದ ಪ್ರಶ್ನೆ. ಜರ್ಮೇನಿಯಂ, ಸಿಲಿಕಾನ್ ಮೊದಲಾದ ವಸ್ತುಗಳು ತಾಮ್ರದಂತೆ ಒಳ್ಳೆಯ ವಾಹಕಗಳೂ ಅಲ್ಲ, ಗಾಜಿನಂತೆ ಅವಾಹಕಗಳೂ ಅಲ್ಲ. ಇವುಗಳನ್ನು ಅರೆವಾಹಕಗಳೆನ್ನುತ್ತಾರೆ. ಸಂಶೋಧಕರ ತಂಡದ ನಾಯಕ ವಿಲಿಯಂ ಷಾಕ್ಲಿ ಅವರು ಒಂದು ಉಪಾಯವನ್ನು ಸೂಚಿಸಿದ್ದರು. ಅರೆವಾಹಕದ ಸಮೀಪದಲ್ಲಿ ಹೊರಗಿನಿಂದ ವಿದ್ಯುತ್ ಕ್ಷೇತ್ರವನ್ನು ಹರಡಿದರೆ ಅದರೊಳಗಿನ ಹರಿವನ್ನು ಬೇಕಾದಂತೆ ಹೆಚ್ಚಿಸಬಹುದು, ತಗ್ಗಿಸಬಹುದು ಎಂಬುದು ಅವರ ಲೆಕ್ಕ. ಆದರೆ ಎಷ್ಟು ಸಲ ಪ್ರಯೋಗ ನಡೆಸಿದರೂ ನಿರೀಕ್ಷಿಸಿದ ಫಲ ಕಾಣಲಿಲ್ಲ.

ಲೆಕ್ಕ ಸರಿಯಾಗಿದ್ದರೂ ಪ್ರಯೋಗ ಏಕೆ ಸೋಲುತ್ತಿದೆ? ಬಾರ್ಡೀನ್ ಅವರು ಈ ಸೋಲನ್ನೇ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡರು. ಸ್ಫಟಿಕದ ಒಳಗೆ ಪರಮಾಣುಗಳ ಸಾಲು ಅಖಂಡವಾಗಿದೆ. ಮೇಲ್ಮೈಯಲ್ಲಿ ಆ ಸಾಲು ಥಟ್ಟನೆ ಮುಗಿಯುತ್ತದೆ. ಹಾಗೆ ಮುಗಿಯುವೆಡೆಯಲ್ಲಿ ಕೆಲವು ಎಲೆಕ್ಟ್ರಾನುಗಳು ಸಿಕ್ಕಿಬಿದ್ದು ಒಂದು ಪದರವಾಗಿ ನಿಲ್ಲುತ್ತವೆ. ಈ ಪದರವು ಕೋಟೆಯ ಗೋಡೆಯಂತೆ ಹೊರಗಿನ ಕ್ಷೇತ್ರವನ್ನು ಒಳಗೆ ಬಿಡದೆ ತಡೆಯುತ್ತದೆ ಎಂದು ಅವರು 1946ರಲ್ಲಿ ವಿವರಿಸಿದರು. ತಡೆ ಎಲ್ಲಿದೆಯೆಂದು ತಿಳಿದ ಮೇಲೆ ಅದನ್ನು ದಾಟುವ ದಾರಿಯನ್ನು ಹುಡುಕುವುದು ಸಾಧ್ಯವಾಯಿತು. ಪ್ರಯೋಗನಿಪುಣರಾದ ವಾಲ್ಟರ್ ಬ್ರಾಟೈನ್ ಅವರು ಬಾರ್ಡೀನರ ಆಪ್ತಮಿತ್ರರು. ಒಬ್ಬರು ಆಲೋಚಿಸುವುದು, ಇನ್ನೊಬ್ಬರು ಅದನ್ನು ಮಾಡಿನೋಡುವುದು, ಕಂಡದ್ದನ್ನು ಇಬ್ಬರೂ ಕುಳಿತು ವಿಮರ್ಶಿಸುವುದು. ಹೀಗೆ ದಿನದಿನವೂ ಕೆಲಸ ಸಾಗಿತು.

1947ನೆಯ ಇಸವಿ ಡಿಸೆಂಬರ್ 16ರಂದು ಅವರ ಶ್ರಮ ಫಲಿಸಿತು. ಬ್ರಾಟೈನ್ ಅವರು ಪ್ಲಾಸ್ಟಿಕ್ಕಿನ ಒಂದು ಪುಟ್ಟ ತ್ರಿಕೋನಾಕಾರದ ತುಂಡಿಗೆ ಚಿನ್ನದ ರೇಕನ್ನು ಅಂಟಿಸಿ, ಅದರ ತುದಿಯಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಸೀಳನ್ನು ಮಾಡಿದರು. ಆಗ ಒಂದರ ಪಕ್ಕದಲ್ಲಿ ಒಂದಾಗಿ ಚಿನ್ನದ ಎರಡು ತುದಿಗಳು ದೊರೆತವು. ಅವುಗಳನ್ನು ಜರ್ಮೇನಿಯಂ ಸ್ಫಟಿಕದ ಮೇಲೆ ಒತ್ತಿ ಹಿಡಿಯಲಾಯಿತು. ಎಲೆಕ್ಟ್ರಾನು ಇರಬೇಕಾದ ಸ್ಥಳದಲ್ಲಿ ಅದಿಲ್ಲದೆ ಉಂಟಾಗುವ ತೆರವನ್ನು ವಿಜ್ಞಾನಿಗಳು ರಂಧ್ರವೆನ್ನುತ್ತಾರೆ. ಅಕ್ಕಪಕ್ಕದ ಎಲೆಕ್ಟ್ರಾನುಗಳು ಸರಿದು ಅದನ್ನು ತುಂಬಿದಂತೆಲ್ಲ ತೆರವೂ ಮುಂದೆ ಮುಂದೆ ಸರಿಯುತ್ತದೆ. ಮೊದಲನೆಯ ತುದಿಯಿಂದ ಸ್ಫಟಿಕವನ್ನು ಹೊಕ್ಕ ಇಂತಹ ರಂಧ್ರಗಳು ಎರಡನೆಯ ತುದಿಯನ್ನು ತಲಪಿ ಅಲ್ಲಿನ ಪ್ರವಾಹವನ್ನು ಬಲಪಡಿಸಿದವು. ಒಳಗೆ ಕೊಟ್ಟ ದುರ್ಬಲ ಸಂಕೇತವು ಹೊರಗೆ ಪ್ರಬಲವಾಗಿ ಬಂದಿತು. ಬಿಸಿಯಾಗುವ ತಂತಿಯಿಲ್ಲ, ಗಾಜಿನ ನಳಿಕೆಯಿಲ್ಲ; ಒಂದು ಚೂರು ಸ್ಫಟಿಕವೇ ಆ ಕೆಲಸವನ್ನು ಮಾಡಿತ್ತು. ಆ ದಿನ ಸಂಜೆ ಮನೆಗೆ ಬಂದ ಬಾರ್ಡೀನ್ ಅವರು ಅಡುಗೆಮನೆಯಲ್ಲಿದ್ದ ಪತ್ನಿಗೆ, ಇಂದು ಏನೋ ಒಂದನ್ನು ಕಂಡುಹಿಡಿದೆವೆಂದು ಮೆಲ್ಲನೆ ಹೇಳಿ ಸುಮ್ಮನಾದರಂತೆ. ಜಗತ್ತನ್ನೇ ಬದಲಿಸಲಿದ್ದ ಸಾಧನವೊಂದರ ಜನ್ಮವಾರ್ತೆ ಇಷ್ಟು ಸರಳವಾಗಿತ್ತು.

ಡಿಸೆಂಬರ್ 23ರಂದು ಪ್ರಯೋಗಶಾಲೆಯ ಹಿರಿಯರ ಮುಂದೆ ಅದನ್ನು ತೋರಿಸಲಾಯಿತು. ಟ್ರಾನ್ಸಿಸ್ಟರ್ ಎಂಬ ಹೆಸರಿನಿಂದ 1948ರ ಜೂನ್ ಕೊನೆಯಲ್ಲಿ ಅದು ಲೋಕಕ್ಕೆ ಪರಿಚಯವಾಯಿತು. 1954ರಲ್ಲಿ ಅಮೆರಿಕದಲ್ಲಿ ಟ್ರಾನ್ಸಿಸ್ಟರುಗಳಿಂದ ಮಾಡಿದ ಕಿರಿಯ ರೇಡಿಯೋ ಮಾರಾಟಕ್ಕೆ ಬಂದಿತು. ಮುಂದೆ ಅಂತಹ ರೇಡಿಯೋ ಹಳ್ಳಿಹಳ್ಳಿಗಳನ್ನು ಹೊಕ್ಕಿತು. ವಿದ್ಯುತ್ ಸಂಪರ್ಕವಿಲ್ಲದ ಊರುಗಳಲ್ಲಿಯೂ ಒಣಕೋಶಗಳ ಬಲದಿಂದ ಅದು ಹಾಡಿತು, ವಾರ್ತೆಯನ್ನು ಸಾರಿತು. ಕನ್ನಡ ನಾಡಿನಲ್ಲಿ ಜನರು ಆ ರೇಡಿಯೋವನ್ನೇ ಟ್ರಾನ್ಸಿಸ್ಟರ್ ಎಂದು ಕರೆದರು. ಇಂದು ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಕೋಟಿ ಟ್ರಾನ್ಸಿಸ್ಟರುಗಳನ್ನು ಮೂಡಿಸುತ್ತಾರೆ. ಗಣಕಯಂತ್ರ, ಕೃತಕ ಉಪಗ್ರಹ, ಕೈಯಲ್ಲಿ ಹಿಡಿಯುವ ದೂರವಾಣಿ ಎಲ್ಲವೂ ಇದರ ಆಧಾರದ ಮೇಲೆಯೇ ನಿಂತಿವೆ.

ಯಶಸ್ಸಿನ ಜೊತೆಯಲ್ಲಿಯೇ ಕಹಿಯೂ ಬಂದಿತು. ನಿರ್ಣಾಯಕವಾದ ಆ ಪ್ರಯೋಗದಲ್ಲಿ ತಮ್ಮ ನೇರ ಪಾಲಿಲ್ಲದೆ ಹೋಯಿತೆಂಬ ಅಸಮಾಧಾನ ಷಾಕ್ಲಿ ಅವರನ್ನು ಕಾಡಿತು. ಅವರು ಏಕಾಂತದಲ್ಲಿ ಕುಳಿತು, ಕೆಲವೇ ವಾರಗಳಲ್ಲಿ, ಇನ್ನೂ ಉತ್ತಮವಾದ ಬೇರೊಂದು ಬಗೆಯ ಟ್ರಾನ್ಸಿಸ್ಟರನ್ನು ಯೋಚಿಸಿ ತೆಗೆದರು. ಅದು ಅವರ ಪ್ರತಿಭೆಗೆ ಸಾಕ್ಷಿ. ಆದರೆ ಮುಂದಿನ ಕೆಲಸದಲ್ಲಿ ಬಾರ್ಡೀನ್ ಮತ್ತು ಬ್ರಾಟೈನರಿಗೆ ತಕ್ಕ ಸ್ಥಾನ ದೊರೆಯಲಿಲ್ಲ. ಬಾರ್ಡೀನ್ ಅವರು ಜಗಳವಾಡಲಿಲ್ಲ. 1951ರಲ್ಲಿ ಬೆಲ್ ಪ್ರಯೋಗಶಾಲೆಯನ್ನು ಬಿಟ್ಟು ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಬಹಳ ವರ್ಷಗಳಿಂದ ಮನಸ್ಸಿನ ಮೂಲೆಯಲ್ಲಿ ಕಾಯುತ್ತಿದ್ದ ಇನ್ನೊಂದು ಪ್ರಶ್ನೆಗೆ ಈಗ ಅವರು ತಮ್ಮನ್ನು ಸಂಪೂರ್ಣವಾಗಿ ಒಪ್ಪಿಸಿಕೊಂಡರು.

ಅದು ಅತಿವಾಹಕತೆಯ ಪ್ರಶ್ನೆ. ಹಾಲೆಂಡಿನ ವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಅವರು 1911ರಲ್ಲಿ ಪಾದರಸವನ್ನು ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಣಿಸಿದಾಗ ಅದರ ವಿದ್ಯುತ್ ರೋಧವು ಹಠಾತ್ತನೆ ಮಾಯವಾಯಿತು. ರೋಧವು ಕಡಿಮೆಯಾದುದಲ್ಲ, ಇಲ್ಲವೇ ಆಯಿತು. ಅತಿವಾಹಕದ ಉಂಗುರದಲ್ಲಿ ಒಮ್ಮೆ ಹರಿಯತೊಡಗಿದ ವಿದ್ಯುತ್ತು, ಹಿಂದಿನಿಂದ ತಳ್ಳುವ ಬಲವಿಲ್ಲದೆಯೇ ವರ್ಷಗಟ್ಟಲೆ ಹರಿಯುತ್ತಿರುತ್ತದೆ. ಇದರ ಕಾರಣವನ್ನು ವಿವರಿಸಲು ನೀಲ್ಸ್ ಬೋರ್, ಹೈಸನ್‌ಬರ್ಗ್, ಬ್ಲಾಖ್, ಲಾಂಡೌ, ಫೈನ್‌ಮನ್ ಮೊದಲಾದ ಘಟಾನುಘಟಿಗಳು ಪ್ರಯತ್ನಿಸಿದ್ದರು. ಯಾರಿಗೂ ಪೂರ್ಣವಾದ ಉತ್ತರ ದೊರೆತಿರಲಿಲ್ಲ. ಬಾರ್ಡೀನ್ ಅವರೂ ಮಿನ್ನೆಸೋಟಾದಲ್ಲಿದ್ದಾಗ ಒಮ್ಮೆ ಯತ್ನಿಸಿ ಸೋತಿದ್ದರು.

1950ರಲ್ಲಿ ಒಂದು ಸುಳಿವು ದೊರೆಯಿತು. ಒಂದೇ ಲೋಹದಲ್ಲಿ ಹಗುರವಾದ ಪರಮಾಣುಗಳೂ ಭಾರವಾದ ಪರಮಾಣುಗಳೂ ಇರುವುದುಂಟು. ಇವುಗಳಿಗೆ ಸಮಸ್ಥಾನಿಗಳೆಂದು ಹೆಸರು. ಪಾದರಸದ ಹಗುರವಾದ ಸಮಸ್ಥಾನಿಯು ಭಾರವಾದುದಕ್ಕಿಂತ ತುಸು ಹೆಚ್ಚಿನ ಉಷ್ಣತೆಯಲ್ಲಿಯೇ ಅತಿವಾಹಕವಾಗುತ್ತದೆ ಎಂದು ಪ್ರಯೋಗಗಳು ತೋರಿಸಿದವು. ಹರಿಯುವುದು ಎಲೆಕ್ಟ್ರಾನು, ಆದರೆ ಪರಮಾಣುವಿನ ತೂಕ ಬದಲಾದರೆ ಫಲವೂ ಬದಲಾಗುತ್ತದೆ. ಹಾಗಿದ್ದರೆ ಪರಮಾಣುಗಳ ಜಾಲದ ಕಂಪನವು ಅತಿವಾಹಕತೆಯಲ್ಲಿ ಪಾಲುಗೊಂಡಿರಲೇಬೇಕೆಂದು ಬಾರ್ಡೀನ್ ಅವರು ತೀರ್ಮಾನಿಸಿದರು. ಎಲೆಕ್ಟ್ರಾನಿಗೆ ಅಡ್ಡಿಯೆಂದು ಎಲ್ಲರೂ ಭಾವಿಸಿದ್ದ ಕಂಪನವೇ ಅದಕ್ಕೆ ಸಹಾಯಕವೂ ಆಗಬಲ್ಲುದೆಂಬುದು ವಿಸ್ಮಯಕರವಾದ ಯೋಚನೆ.

ಈ ಕಾರ್ಯದಲ್ಲಿ ಅವರು ಇಬ್ಬರು ತರುಣರನ್ನು ಜೊತೆಗೂಡಿಸಿಕೊಂಡರು. ಒಬ್ಬರು 1955ರಲ್ಲಿ ಬಂದು ಸೇರಿದ ಲಿಯಾನ್ ಕೂಪರ್. ಇನ್ನೊಬ್ಬರು ಬಾರ್ಡೀನರ ವಿದ್ಯಾರ್ಥಿ ರಾಬರ್ಟ್ ಷ್ರೀಫರ್. ಇಬ್ಬರಿಗೂ ಇಪ್ಪತ್ತೈದರ ಆಸುಪಾಸಿನ ವಯಸ್ಸು. 1956ರಲ್ಲಿ ಕೂಪರ್ ಅವರು ಒಂದು ಮಹತ್ವದ ಸಂಗತಿಯನ್ನು ಕಂಡುಕೊಂಡರು. ಋಣ ವಿದ್ಯುದಂಶವುಳ್ಳ ಎರಡು ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದು ಸಹಜ. ಆದರೆ ಜಾಲದ ನಡುವೆ ಒಂದು ಎಲೆಕ್ಟ್ರಾನು ಸಾಗುವಾಗ ಸುತ್ತಣ ಧನ ವಿದ್ಯುದಂಶದ ಪರಮಾಣುಗಳು ಅದರ ಕಡೆಗೆ ತುಸು ಬಾಗುತ್ತವೆ. ಎಲೆಕ್ಟ್ರಾನು ಮುಂದೆ ಹೋದರೂ ಆ ಬಾಗು ಕ್ಷಣಕಾಲ ಉಳಿದು ಇನ್ನೊಂದು ಎಲೆಕ್ಟ್ರಾನನ್ನು ತನ್ನತ್ತ ಸೆಳೆಯುತ್ತದೆ. ಹಗ್ಗದ ಮಂಚದ ಮೇಲೆ ಒಬ್ಬನು ಕುಳಿತಾಗ ಉಂಟಾಗುವ ತಗ್ಗಿಗೆ ಪಕ್ಕದಲ್ಲಿದ್ದ ಚೆಂಡು ಉರುಳಿಬರುವಂತೆ ಇದು. ಹೀಗೆ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ. ಆದರೆ ಒಂದು ಜೋಡಿಯ ಕಥೆ ತಿಳಿದರೆ ಸಾಲದು. ಅಸಂಖ್ಯಾತ ಜೋಡಿಗಳು ಒಂದರೊಡನೊಂದು ಹೆಣೆದುಕೊಂಡು ಹೇಗೆ ವರ್ತಿಸುತ್ತವೆ ಎಂಬುದನ್ನು ಗಣಿತದಲ್ಲಿ ಹಿಡಿದಿಡಬೇಕಾಗಿತ್ತು.

ಹೀಗಿರುವಾಗ 1956ನೆಯ ನವೆಂಬರ್ 1ರ ಬೆಳಗ್ಗೆ, ಮನೆಯಲ್ಲಿ ಉಪಾಹಾರಕ್ಕೆ ಮೊಟ್ಟೆಯನ್ನು ಬೇಯಿಸುತ್ತಿದ್ದ ಬಾರ್ಡೀನ್ ಅವರು ರೇಡಿಯೋವಿನಲ್ಲಿ ಒಂದು ವಾರ್ತೆಯನ್ನು ಕೇಳಿದರು. ಟ್ರಾನ್ಸಿಸ್ಟರಿನ ಸಂಶೋಧನೆಗಾಗಿ ಷಾಕ್ಲಿ, ಬಾರ್ಡೀನ್ ಮತ್ತು ಬ್ರಾಟೈನ್ ಮೂವರಿಗೂ ನೊಬೆಲ್ ಪಾರಿತೋಷಿಕ ಬಂದಿತ್ತು. ಕೈಯಲ್ಲಿದ್ದ ಬಾಣಲೆ ನೆಲಕ್ಕೆ ಬಿದ್ದಿತು. ಡಿಸೆಂಬರಿನಲ್ಲಿ ಅವರು ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಹೊರಡಬೇಕಾಯಿತು. ಆ ಸಮಯಕ್ಕೆ ಷ್ರೀಫರ್ ಅವರಿಗೆ ಅತಿವಾಹಕತೆಯ ಲೆಕ್ಕದಲ್ಲಿ ದಾರಿ ಕಾಣದೆ ಬೇಸರ ಬಂದಿತ್ತು. ವಿಷಯವನ್ನೇ ಬದಲಿಸಿಬಿಡೋಣವೇ ಎಂದು ಯೋಚಿಸುತ್ತಿದ್ದ ಆ ಶಿಷ್ಯನಿಗೆ ಗುರುಗಳು ಇನ್ನೊಂದು ತಿಂಗಳು ತಾಳ್ಮೆಯಿಂದಿರುವಂತೆ ತಿಳಿಹೇಳಿ ಪ್ರಯಾಣ ಬೆಳೆಸಿದರು. ಪ್ರಶಸ್ತಿ ಪ್ರದಾನದ ಸಂದರ್ಭದಲ್ಲಿ, ಮಕ್ಕಳೆಲ್ಲರನ್ನೂ ಏಕೆ ಕರೆತರಲಿಲ್ಲವೆಂದು ಸ್ವೀಡನ್ನಿನ ದೊರೆಯು ಬಾರ್ಡೀನರನ್ನು ವಿನೋದವಾಗಿ ಆಕ್ಷೇಪಿಸಿದರಂತೆ. ಮುಂದಿನ ಸಲ ಬರುವಾಗ ಎಲ್ಲರನ್ನೂ ಕರೆತರುವೆನೆಂದು ಬಾರ್ಡೀನ್ ಅವರು ಮಾತು ಕೊಟ್ಟರು.

ಗುರುವಿನ ಮಾತನ್ನು ಷ್ರೀಫರ್ ನಡೆಸಿಕೊಟ್ಟರು. 1957ರ ಆರಂಭದಲ್ಲಿ ನ್ಯೂಯಾರ್ಕ್ ನಗರದ ಸುರಂಗ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಎಲ್ಲ ಜೋಡಿಗಳನ್ನೂ ಒಟ್ಟಾಗಿ ವರ್ಣಿಸುವ ಗಣಿತಸೂತ್ರವು ಅವರಿಗೆ ಹೊಳೆಯಿತು. ಅದನ್ನು ನೋಡಿದೊಡನೆ ಅದರ ಬೆಲೆಯನ್ನು ಅರಿತ ಬಾರ್ಡೀನ್ ಅವರು ಹಗಲಿರುಳೂ ದುಡಿದರು. ಮೂವರೂ ಸೇರಿ ಲೆಕ್ಕವನ್ನು ಪೂರ್ಣಗೊಳಿಸಿದರು. ಅದೇ ವರ್ಷ ಪ್ರಕಟವಾದ ಆ ಸಿದ್ಧಾಂತವು ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಬಿ.ಸಿ.ಎಸ್. ಸಿದ್ಧಾಂತವೆಂದು ಪ್ರಸಿದ್ಧವಾಯಿತು.

ಜಾತ್ರೆಯಲ್ಲಿ ಸಾವಿರ ಜನ ಒಂದೇ ಹಗ್ಗವನ್ನು ಹಿಡಿದು ತೇರನ್ನು ಎಳೆಯುವ ದೃಶ್ಯವು ಈ ಸಿದ್ಧಾಂತದ ಸಾರವನ್ನು ಸೂಚಿಸಬಲ್ಲುದು. ಒಂಟಿಯಾಗಿ ನಡೆಯುವವನು ಕಲ್ಲನ್ನು ಎಡವಿದರೆ ನಿಲ್ಲುತ್ತಾನೆ. ಹಗ್ಗ ಹಿಡಿದವರಲ್ಲಿ ಒಬ್ಬನು ಎಡವಿದರೆ ತೇರು ನಿಲ್ಲುವುದಿಲ್ಲ. ಉಳಿದವರ ಓಟವು ಅವನನ್ನೂ ಮುಂದಕ್ಕೆ ಒಯ್ಯುತ್ತದೆ. ಅತಿಶೀತದಲ್ಲಿ ಎಲೆಕ್ಟ್ರಾನುಗಳ ಜೋಡಿಗಳೆಲ್ಲವೂ ಒಂದೇ ಲಯದಲ್ಲಿ ಬೆಸೆದುಕೊಂಡಿರುವುದರಿಂದ ಬಿಡಿಬಿಡಿಯಾದ ಅಡ್ಡಿಗಳು ಅವುಗಳ ಒಟ್ಟು ಚಲನೆಯನ್ನು ತಡೆಯಲಾರವು. ನಲವತ್ತಾರು ವರ್ಷ ವಿಜ್ಞಾನಿಗಳನ್ನು ಕಾಡಿದ ಒಗಟು ಹೀಗೆ ಬಿಡಿಸಲ್ಪಟ್ಟಿತು. ಇಂದು ಆಸ್ಪತ್ರೆಗಳಲ್ಲಿ ದೇಹದ ಒಳಭಾಗದ ಚಿತ್ರವನ್ನು ತೆಗೆಯುವ ದೊಡ್ಡ ಯಂತ್ರಗಳಲ್ಲಿ ಅತಿವಾಹಕ ತಂತಿಯ ಸುರುಳಿಗಳಿಂದಲೇ ಪ್ರಬಲವಾದ ಕಾಂತಕ್ಷೇತ್ರವನ್ನು ಪಡೆಯುತ್ತಾರೆ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಫಿಲಡೆಲ್ಫಿಯಾದ ವಿಜ್ಞಾನಿಗಳ ಸಮ್ಮೇಳನದಲ್ಲಿ ಈ ಸಿದ್ಧಾಂತವನ್ನು ಮೊದಲು ಪ್ರಕಟಿಸಬೇಕಾಗಿತ್ತು. ಬಾರ್ಡೀನ್ ಅವರು ತಾವು ಹೋಗಲಿಲ್ಲ. ಪ್ರಸಿದ್ಧರಾದ ತಾವು ವೇದಿಕೆಯಲ್ಲಿದ್ದರೆ ಕೀರ್ತಿಯೆಲ್ಲವೂ ತಮ್ಮೊಬ್ಬರಿಗೇ ಸಂದೀತೆಂದು ತಿಳಿದು, ಆ ಅವಕಾಶವನ್ನು ಕಿರಿಯರಿಗೆ ಬಿಟ್ಟುಕೊಟ್ಟರು. ತಮ್ಮ ದುಡಿಮೆಯ ಫಲವು ಇನ್ನೊಬ್ಬರ ಪಾಲಾಗುವ ನೋವನ್ನು ಅವರು ಬಲ್ಲವರು. ಆ ನೋವು ತಮ್ಮ ಶಿಷ್ಯರಿಗೆ ಬಾರದಂತೆ ಅವರು ನೋಡಿಕೊಂಡರು.

ಇಷ್ಟು ದೊಡ್ಡ ವಿಜ್ಞಾನಿಯೂ ತಪ್ಪದೆ ಇರಲಿಲ್ಲ. 1962ರಲ್ಲಿ ಕೇಂಬ್ರಿಜಿನ ಬ್ರಯಾನ್ ಜೋಸೆಫ್‌ಸನ್ ಎಂಬ 22 ವರ್ಷದ ವಿದ್ಯಾರ್ಥಿಯು ಬಿ.ಸಿ.ಎಸ್. ಸಿದ್ಧಾಂತವನ್ನೇ ಆಧರಿಸಿ ಒಂದು ವಿಚಿತ್ರ ಫಲವನ್ನು ಸೂಚಿಸಿದನು. ಎರಡು ಅತಿವಾಹಕಗಳ ನಡುವೆ ಅವಾಹಕದ ತೆಳುಪೊರೆಯಿದ್ದರೂ ಎಲೆಕ್ಟ್ರಾನುಗಳ ಜೋಡಿಗಳು ಅದನ್ನು ದಾಟಿ ಹರಿಯಬಲ್ಲವೆಂಬುದು ಅವನ ಮತ. ಬಾರ್ಡೀನ್ ಅವರು ಅದನ್ನು ಒಪ್ಪಲಿಲ್ಲ. ಆ ವರ್ಷ ಲಂಡನ್ನಿನಲ್ಲಿ ನಡೆದ ಸಭೆಯಲ್ಲಿ ಜಗತ್ಪ್ರಸಿದ್ಧ ವಿಜ್ಞಾನಿಗೂ ಆ ತರುಣನಿಗೂ ಬಹಿರಂಗವಾಗಿಯೇ ವಾದ ನಡೆಯಿತು. ಆದರೆ 1963ರಲ್ಲಿ ಪ್ರಯೋಗವು ತರುಣನ ಪರವಾಗಿ ಸಾಕ್ಷಿ ನುಡಿಯಿತು. ಬಾರ್ಡೀನ್ ಅವರು ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಂಡರು. ವಿಜ್ಞಾನದಲ್ಲಿ ಹಿರಿತನಕ್ಕಿಂತ ಪ್ರಮಾಣವೇ ದೊಡ್ಡದೆಂಬುದಕ್ಕೆ ಈ ಘಟನೆ ನಿದರ್ಶನ. ಜೋಸೆಫ್‌ಸನ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು.

ಅದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ಬಾರ್ಡೀನ್, ಕೂಪರ್ ಮತ್ತು ಷ್ರೀಫರ್ ಅವರಿಗೆ ಅತಿವಾಹಕತೆಯ ಸಿದ್ಧಾಂತಕ್ಕಾಗಿ ನೊಬೆಲ್ ಪಾರಿತೋಷಿಕ ಬಂದಿತು. ಒಂದೇ ವಿಷಯದಲ್ಲಿ ಒಬ್ಬರಿಗೆ ಎರಡನೆಯ ಸಲ ನೊಬೆಲ್ ಬಂದುದು ಅದೇ ಮೊದಲು. ಮೇಡಂ ಕ್ಯೂರಿ ಅವರಿಗೆ ಎರಡು ಸಲ ಬಂದಿತ್ತಾದರೂ ಒಂದು ಭೌತವಿಜ್ಞಾನಕ್ಕೆ, ಇನ್ನೊಂದು ರಸಾಯನವಿಜ್ಞಾನಕ್ಕೆ ಸಂದಿತ್ತು. ಹದಿನಾರು ವರ್ಷಗಳ ಹಿಂದೆ ದೊರೆಗೆ ಕೊಟ್ಟ ಮಾತನ್ನು ಬಾರ್ಡೀನ್ ಅವರು ಮರೆತಿರಲಿಲ್ಲ. ಈ ಸಲ ಮೂವರು ಮಕ್ಕಳನ್ನೂ ಸ್ಟಾಕ್‌ಹೋಮಿಗೆ ಕರೆದೊಯ್ದರು.

1975ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು, ಸಂಶೋಧನೆಯಿಂದ ನಿವೃತ್ತರಾಗಲಿಲ್ಲ. ಕೆಲವು ಸ್ಫಟಿಕಗಳಲ್ಲಿ ಎಲೆಕ್ಟ್ರಾನುಗಳು ಸಮಾನ ಅಂತರಗಳಲ್ಲಿ ಗುಂಪುಗೂಡಿ ಅಲೆಯ ರೂಪವನ್ನು ತಾಳುತ್ತವೆ. ಜಾಲದ ಪರಮಾಣುಗಳೂ ಅದಕ್ಕೆ ಹೊಂದಿಕೊಂಡು ಸರಿದುನಿಲ್ಲುತ್ತವೆ. ಹೊರಗಿನಿಂದ ಸಾಕಷ್ಟು ಬಲವನ್ನು ಪ್ರಯೋಗಿಸಿದಾಗ ಆ ಅಲೆಯು ಇಡಿಯಾಗಿ ಜಾರಿ ವಿದ್ಯುತ್ತನ್ನು ಒಯ್ಯುತ್ತದೆ. ಈ ಜಾರುವಿಕೆಯ ರಹಸ್ಯವನ್ನು ಭೇದಿಸಲು ಅವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹೊಸದಾಗಿ ತೊಡಗಿದರು. ಅವರ ವಿವರಣೆಯನ್ನು ಆ ಕ್ಷೇತ್ರದ ಬಹುಮಂದಿ ಒಪ್ಪಲಿಲ್ಲ. ಆದರೂ ಅವರು ಕೊನೆಯವರೆಗೂ ಲೆಕ್ಕ ಹಾಕುತ್ತ, ಚರ್ಚಿಸುತ್ತ, ಬರೆಯುತ್ತ ಇದ್ದರು. 1991ನೆಯ ಇಸವಿ ಜನವರಿ 30ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಬಾಸ್ಟನ್ ನಗರದಲ್ಲಿ ನಿಧನರಾದರು.

ಅವರು ತಾರುಣ್ಯದಲ್ಲಿ ಹಿಡಿದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಕೋಟಿಕೋಟಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಲೆಕ್ಕಿಸುವುದು ಅಸಾಧ್ಯ. ಎಲ್ಲೆಲ್ಲಿ ಅವು ಎಷ್ಟು ದಟ್ಟವಾಗಿವೆ ಎಂಬುದೊಂದನ್ನು ತಿಳಿದರೆ ಸಾಕು, ಉಳಿದುದೆಲ್ಲವೂ ಅದರಿಂದಲೇ ನಿರ್ಧಾರವಾಗುತ್ತದೆ ಎಂದು 1964ರಲ್ಲಿ ವಾಲ್ಟರ್ ಕೋನ್ ಮತ್ತು ಪಿಯರ್ ಹೋಹೆನ್‌ಬರ್ಗ್ ತೋರಿಸಿಕೊಟ್ಟರು. ಆ ದಟ್ಟಣೆಯು ಕ್ಷಣಕ್ಷಣಕ್ಕೂ ಬದಲಾಗುವ ಸಂದರ್ಭಕ್ಕೂ ಇದನ್ನು 1984ರಲ್ಲಿ ರುಂಗೆ ಮತ್ತು ಗ್ರಾಸ್ ಎಂಬ ವಿಜ್ಞಾನಿಗಳು ವಿಸ್ತರಿಸಿದರು. ಈ ಮಾರ್ಗವನ್ನು ಹಿಡಿದು ಇಂದಿನ ಸಂಶೋಧಕರು ಜಾಲದ ನಡುವೆ ವಿದ್ಯುತ್ತು ಕಾಲಕ್ರಮದಲ್ಲಿ ಹೇಗೆ ಹರಿಯುವುದೆಂಬುದನ್ನು ಗಣಕಯಂತ್ರಗಳ ನೆರವಿನಿಂದ ಲೆಕ್ಕಿಸುತ್ತಾರೆ. ಆ ಯಂತ್ರಗಳೊಳಗೆ ಕೆಲಸ ಮಾಡುವುದು ಟ್ರಾನ್ಸಿಸ್ಟರುಗಳೇ.

ಬಾರ್ಡೀನ್ ಅವರದು ಆಡಂಬರವಿಲ್ಲದ ಬದುಕು. ತರಗತಿಯಲ್ಲಿ ಅವರ ಧ್ವನಿ ಎಷ್ಟು ಮೆಲುವಾಗಿತ್ತೆಂದರೆ ವಿದ್ಯಾರ್ಥಿಗಳು ಅವರಿಗೆ ಪಿಸುಮಾತಿನ ಜಾನ್ ಎಂದು ಹೆಸರಿಟ್ಟಿದ್ದರು. ಬಿಡುವಿನ ವೇಳೆಯಲ್ಲಿ ಗಾಲ್ಫ್ ಆಡುವುದು, ನೆರೆಹೊರೆಯವರನ್ನು ಕರೆದು ಊಟವಿಕ್ಕುವುದು ಅವರಿಗೆ ಪ್ರಿಯವಾಗಿತ್ತು. ಸೋಲನ್ನು ಪಾಠವೆಂದು ತಿಳಿದರು. ಅನ್ಯಾಯಕ್ಕೆ ದುಡಿಮೆಯಿಂದ ಉತ್ತರಿಸಿದರು. ಕೀರ್ತಿಯನ್ನು ಕಿರಿಯರೊಡನೆ ಹಂಚಿಕೊಂಡರು. ಒಂಟಿಯಾದ ಎಲೆಕ್ಟ್ರಾನು ಎಡವುವ ಹಾದಿಯಲ್ಲಿ ಒಗ್ಗೂಡಿದ ಎಲೆಕ್ಟ್ರಾನುಗಳು ತಡೆಯಿಲ್ಲದೆ ಸಾಗುತ್ತವೆಂದು ತೋರಿಸಿಕೊಟ್ಟ ಈ ವಿಜ್ಞಾನಿ, ತಮ್ಮ ಬಾಳಿನಲ್ಲಿಯೂ ಇತರರೊಡನೆ ಕೂಡಿ ದುಡಿದೇ ಮಹತ್ತರವಾದುದನ್ನು ಸಾಧಿಸಿದರು.